ಸಣ್ಣ ಊರಿನ ಕಾಲೇಜಿನಲ್ಲಿ ಗಣಿತ, ಕಂಪ್ಯೂಟರ್ ಟಾಕ್ ಮತ್ತು ವಿದ್ಯಾರ್ಥಿ ಸಂಶೋಧನೆ: ಹಾಸನದಿಂದ ಒಂದು ಸಮಗ್ರ ಮಾರ್ಗದರ್ಶಿ

ಹಾಸನ, ಚಿಕ್ಕಮಗಳೂರು ಕಡೆಯ ಕಾಲೇಜುಗಳಲ್ಲಿ ಗಣಿತದ ಕಾರ್ಯಕ್ರಮ ಅಂದರೆ ಸಾಮಾನ್ಯವಾಗಿ ಡಿಸೆಂಬರ್ 22. ರಾಮಾನುಜನ್ ಫೋಟೋಗೆ ಹಾರ, ದೀಪ ಬೆಳಗುವುದು, ಹೊರಗಿನಿಂದ ಬಂದ ಒಬ್ಬರ ಭಾಷಣ, ಶಾಲು, ಗ್ರೂಪ್ ಫೋಟೋ. ಮರುದಿನ ಎಲ್ಲರೂ ಇಂಟರ್ನಲ್ಸ್‌ಗೆ ಓದಲು ಕೂರುತ್ತಾರೆ. ಸಂಶೋಧನೆ ಏನಿದ್ದರೂ ಬೆಂಗಳೂರಿನ ದೊಡ್ಡ ಸಂಸ್ಥೆಗಳ ಕೆಲಸ ಎಂಬ ಭಾವನೆ ಹಾಗೇ ಉಳಿಯುತ್ತದೆ.

ನನಗೆ ಆ ಭಾವನೆ ಒಪ್ಪಿಗೆಯಿಲ್ಲ. ಇಲ್ಲಿನ ಬಿಎಸ್ಸಿ, ಬಿಸಿಎ, ಬಿಇ ಮಕ್ಕಳು ಸಂಶೋಧನೆ ಮಾಡಬಲ್ಲರು. ವಾರಕ್ಕೊಂದು ಸಣ್ಣ ಟಾಕ್ ನಡೆಸಿದರೆ ಅದಕ್ಕೆ ದಾರಿ ತೆರೆಯುತ್ತದೆ. ಷರತ್ತು ಒಂದೇ. ಪ್ರತಿ ಟಾಕ್ ಮುಗಿದಾಗ, ಕೇಳಿದ ಹುಡುಗಿಯೋ ಹುಡುಗನೋ ಮನೆಗೆ ಒಯ್ದು ಪೆನ್ನು ಹಿಡಿದು ಕೂರಬಹುದಾದ ಒಂದು ಪ್ರಶ್ನೆ ಉಳಿಯಬೇಕು. ಕೆಳಗಿನ ಹೆಜ್ಜೆಗಳೆಲ್ಲ ಈ ಷರತ್ತಿಗೆ ಅಂಟಿಕೊಂಡೇ ಇವೆ. ಅಧ್ಯಾಪಕರು ಮತ್ತು ವಿದ್ಯಾರ್ಥಿಗಳು, ಇಬ್ಬರನ್ನೂ ಮನಸ್ಸಿನಲ್ಲಿಟ್ಟು ಬರೆದಿದ್ದೇನೆ.

ಮೊದಲು ಬಸ್ಸಿನ ಟೈಮ್ ನೋಡಿ

ಆಲೂರು, ಬೇಲೂರು, ಅರಕಲಗೂಡು, ಹೊಳೆನರಸೀಪುರದಿಂದ ದಿನಾ ಓಡಾಡುವ ಮಕ್ಕಳೇ ನಮ್ಮಲ್ಲಿ ಜಾಸ್ತಿ. ಚಿಕ್ಕಮಗಳೂರಿನಲ್ಲಾದರೆ ಮೂಡಿಗೆರೆ, ಆಲ್ದೂರು, ಕಡೂರು ಕಡೆಯವರು. ಸಂಜೆ 4ರ ಮೇಲೆ ಟಾಕ್ ಇಟ್ಟರೆ ಹಾಸ್ಟೆಲ್‌ನವರು ಮಾತ್ರ ಇರುತ್ತಾರೆ. ಉಳಿದವರ ಕಣ್ಣು ಗಡಿಯಾರದ ಮೇಲೆ, ಮನಸ್ಸು ಬಸ್ ಸ್ಟ್ಯಾಂಡಿನಲ್ಲಿ. ಹಾಗಾಗಿ ಊಟದ ನಂತರದ ಮೊದಲ ಪೀರಿಯಡ್ಡೇ ಸರಿ. ಬುಧವಾರ ಅಥವಾ ಗುರುವಾರ ಆದರೆ ಒಳ್ಳೆಯದು. ಶನಿವಾರ ಅರ್ಧ ದಿನ, ಜನ ಸಿಗುವುದಿಲ್ಲ.

ಆ ಪೀರಿಯಡ್ಡನ್ನು ಸೆಮಿಸ್ಟರ್ ಶುರುವಾಗುವ ಮೊದಲೇ ಟೈಮ್‌ಟೇಬಲ್ಲಿನಲ್ಲಿ ಸೇರಿಸಿಕೊಳ್ಳಿ. ಇದಕ್ಕೆ ಎಚ್‌ಓಡಿ ಮತ್ತು ಪ್ರಿನ್ಸಿಪಾಲರ ಒಪ್ಪಿಗೆ ಬೇಕು. ಬಾಯಿಮಾತಿನಲ್ಲಿ ಕೇಳಬೇಡಿ, ಒಂದು ಪುಟದ ಪತ್ರ ಬರೆಯಿರಿ. ವಾರ, ಸಮಯ, ಕೊಠಡಿ, ಮೊದಲ ನಾಲ್ಕು ಟಾಕ್‌ಗಳ ವಿಷಯ ಅದರಲ್ಲಿರಲಿ. ಗಣಿತ ಮತ್ತು ಕಂಪ್ಯೂಟರ್ ಎರಡೂ ವಿಭಾಗದವರು ಸಹಿ ಹಾಕಿದ್ದರೆ ಕೆಲಸ ಸುಲಭವಾಗುತ್ತದೆ. ಇಂಟರ್ನಲ್ಸ್ ವಾರ, ಕಾಲೇಜು ಡೇ ವಾರ ಬಿಟ್ಟುಬಿಡಿ. ಒಂದು ಸೆಮಿಸ್ಟರಿಗೆ ಎಂಟು ಟಾಕ್ ಆದರೂ ಸಾಕು, ನಿಲ್ಲದೆ ನಡೆಯಬೇಕು ಅಷ್ಟೇ.

ಕೊಠಡಿಗೆ ಒಳ್ಳೆಯ ಬೋರ್ಡು ಇರಲಿ. ಆಡಿಟೋರಿಯಂ ಬೇಡ. ನಲವತ್ತು ಜನ ಕೂರುವ ತರಗತಿಯಲ್ಲಿ ಮೂವತ್ತು ಜನ ಇದ್ದರೆ ಪ್ರಶ್ನೆ ಕೇಳುವ ಧೈರ್ಯ ಬರುತ್ತದೆ. ಮಳೆಗಾಲದಲ್ಲಿ ಮಲೆನಾಡಿನ ಕರೆಂಟಿನ ಕಥೆ ನಿಮಗೆ ಗೊತ್ತೇ ಇದೆ. ಸ್ಲೈಡ್ ನಂಬಿಕೊಂಡ ಟಾಕ್ ಪ್ರೊಜೆಕ್ಟರ್ ಜೊತೆಗೇ ನಿಂತುಹೋಗುತ್ತದೆ. ಚಾಕ್‌ಪೀಸ್ ಟಾಕ್ ಮುಂದುವರಿಯುತ್ತದೆ.

ಯಾರು ಮಾತಾಡಬೇಕು

ಮೊದಲ ಮೂರು ನಾಲ್ಕು ಟಾಕ್ ನಿಮ್ಮ ಕಾಲೇಜಿನವರೇ ಕೊಡಲಿ. ಒಬ್ಬರು ಗಣಿತದ ಅಧ್ಯಾಪಕರು, ಒಬ್ಬರು ಕಂಪ್ಯೂಟರ್‌ನವರು, ಆಮೇಲೆ ಕೊನೆಯ ವರ್ಷದ ಇಬ್ಬರು ವಿದ್ಯಾರ್ಥಿಗಳು ಜೋಡಿಯಾಗಿ. ಜೋಡಿ ಇದ್ದರೆ ಹೆದರಿಕೆ ಅರ್ಧ ಕಡಿಮೆ. ಅತಿಥಿ ಉಪನ್ಯಾಸಕರನ್ನು ಮರೆಯಬೇಡಿ. ಎಂಎಸ್ಸಿ ಮುಗಿಸಿ ಬಂದ ಹೊಸಬರ ಕೈಯಲ್ಲಿ ಎಷ್ಟೋ ಸಲ ತಾಜಾ ವಿಷಯ ಇರುತ್ತದೆ, ಕೇಳುವವರೇ ಇರುವುದಿಲ್ಲ.

ಪಕ್ಕದ ವಿಭಾಗಗಳ ಬಾಗಿಲೂ ತಟ್ಟಿ. ಛಂದಸ್ಸು ಪಾಠ ಮಾಡುವ ಕನ್ನಡ ಅಧ್ಯಾಪಕರು ಗಣಿತದ ವೇದಿಕೆಗೆ ಬಂದರೆ ಏನಾಗುತ್ತದೆ ಎಂದು ಮುಂದೆ ವಿವರವಾಗಿ ಹೇಳುತ್ತೇನೆ. ಭೌತಶಾಸ್ತ್ರದವರು ಉಪಗ್ರಹದ ಕಕ್ಷೆ ಬಗ್ಗೆ ಮಾತಾಡಬಹುದು. ಇಸ್ರೋದ ಮಾಸ್ಟರ್ ಕಂಟ್ರೋಲ್ ಫೆಸಿಲಿಟಿ 1982ರಿಂದ ಹಾಸನದಲ್ಲೇ ಇದೆ. ಭೂಮಿಯಿಂದ ಸುಮಾರು 35,786 ಕಿಲೋಮೀಟರ್ ಮೇಲಿರುವ ಭೂಸ್ಥಿರ ಉಪಗ್ರಹಗಳನ್ನು ಇಲ್ಲಿಂದ ನೋಡಿಕೊಳ್ಳುತ್ತಾರೆ. ಅಷ್ಟೇ ಎತ್ತರ ಏಕೆ, ಒಂದು ಸಾವಿರ ಕಿಲೋಮೀಟರ್ ಕೆಳಗೆ ಇಟ್ಟರೆ ಏನಾಗುತ್ತದೆ ಎಂಬುದನ್ನು ಪಿಯುಸಿ ಗಣಿತದಲ್ಲೇ ಬೋರ್ಡಿನ ಮೇಲೆ ತೋರಿಸಬಹುದು. ಅಲ್ಲಿಂದಲೇ ಯಾರನ್ನಾದರೂ ಕರೆಸಬೇಕಿದ್ದರೆ ಪ್ರಿನ್ಸಿಪಾಲರ ಸಹಿಯಿರುವ ಅಧಿಕೃತ ಪತ್ರ ಬೇಗ ಕಳಿಸಿ. ಸರ್ಕಾರಿ ಸಂಸ್ಥೆಯಲ್ಲಿ ಅನುಮತಿಗೆ ಸಮಯ ಹಿಡಿಯುತ್ತದೆ.

ಬೆಂಗಳೂರಿನವರನ್ನು ಕರೆಯುವುದು ಐದಾರು ಟಾಕ್ ಆದ ಮೇಲೆ. ಅಷ್ಟರಲ್ಲಿ ನಿಮ್ಮ ಮಕ್ಕಳಿಗೆ ಪ್ರಶ್ನೆ ಕೇಳುವ ರೂಢಿ ಬಂದಿರುತ್ತದೆ. ಪ್ರಶ್ನೆ ಬರುವ ಊರಿಗೆ ದೊಡ್ಡವರು ಮತ್ತೆ ಬರುತ್ತಾರೆ. 2017ರಲ್ಲಿ ಶ್ರವಣಬೆಳಗೊಳ, ಕುಣಿಗಲ್ ಮೇಲಿನ ನೇರ ರೈಲು ಶುರುವಾದ ಮೇಲೆ ಓಡಾಟ ಹಗುರವಾಗಿದೆ. ಕರೆಯುವ ಮೇಲ್ ಚಿಕ್ಕದಾಗಿರಲಿ, ಆದರೆ ಈ ನಾಲ್ಕು ವಿಷಯ ತಪ್ಪದೆ ಇರಲಿ: ಕೇಳುವವರು ಯಾವ ವರ್ಷದವರು, ಅವರು ಏನು ಓದಿದ್ದಾರೆ, ಎಷ್ಟು ನಿಮಿಷ, ಪ್ರಯಾಣದ ಖರ್ಚು ಯಾರದು. ಐದನೆಯದಾಗಿ ಒಂದು ವಿನಂತಿ ಸೇರಿಸಿ: “ಕೊನೆಯಲ್ಲಿ ನಮ್ಮ ಮಕ್ಕಳು ಕೈಹಾಕಬಹುದಾದ ಒಂದು ಪ್ರಶ್ನೆ ಕೊಡಿ.” ಇದನ್ನು ಓದಿದ ಸಂಶೋಧಕರು ಟಾಕ್ ತಯಾರಿಸುವ ರೀತಿಯೇ ಬದಲಾಗುತ್ತದೆ.

ಟಾಕ್ ಕಟ್ಟುವುದು ಹೇಗೆ

ನಲವತ್ತು ನಿಮಿಷ ಮಾತು, ಹದಿನೈದು ನಿಮಿಷ ಪ್ರಶ್ನೆ. ಸ್ವಾಗತ ಒಂದು ವಾಕ್ಯ. ಅತಿಥಿ ಪರಿಚಯ ಎರಡು ವಾಕ್ಯ. ಪ್ರಾರ್ಥನೆ, ನಿರೂಪಣೆ, ವಂದನಾರ್ಪಣೆ ಎಲ್ಲ ಸೇರಿದರೆ ವಿಷಯಕ್ಕೆ ಉಳಿಯುವುದು ಅರ್ಧ ಗಂಟೆ. ವಾರದ ಟಾಕ್‌ಗೆ ಅವು ಯಾವುದೂ ಬೇಕಿಲ್ಲ.

ಮಾತಾಡುವವರಿಗೆ ನನ್ನ ಸಲಹೆ: ಒಂದು ಉದಾಹರಣೆ, ಒಂದು ಪ್ರಮೇಯ, ಒಂದು ಪ್ರಶ್ನೆ. ಈ ಕ್ರಮದಲ್ಲೇ. ಉದಾಹರಣೆಯನ್ನು ಕೇಳುವವರೇ ಕೈಯಲ್ಲಿ ಮಾಡಬೇಕು. ಮೊದಲ ವರ್ಷದವರ ಮೊದಲ ಟಾಕ್‌ಗೆ ದೇವಳಾಲಿಯ ಶಾಲಾ ಮೇಷ್ಟ್ರು ಕಾಪ್ರೇಕರ್ ಅವರ 6174ಕ್ಕಿಂತ ಒಳ್ಳೆಯ ವಿಷಯ ಸಿಗುವುದು ಕಷ್ಟ. ನಾಲ್ಕೂ ಅಂಕಿ ಒಂದೇ ಆಗಿರದ ಯಾವುದಾದರೂ ನಾಲ್ಕಂಕಿ ಸಂಖ್ಯೆ ತೆಗೆದುಕೊಳ್ಳಿ, 3524 ಅನ್ನಿ. ಅಂಕಿಗಳನ್ನು ಇಳಿಕೆಯಲ್ಲಿ ಬರೆದು, ಏರಿಕೆಯಲ್ಲಿ ಬರೆದು, ಕಳೆಯಿರಿ. 5432 ಕಳೆ 2345, ಬಂದದ್ದು 3087. ಮತ್ತೆ 8730 ಕಳೆ 0378, ಬಂದದ್ದು 8352. ಮತ್ತೆ 8532 ಕಳೆ 2358, ಬಂದದ್ದು 6174. ಅಲ್ಲಿಂದ ಮುಂದೆ ಅದೇ ಸಂಖ್ಯೆ ಬರುತ್ತಿರುತ್ತದೆ. ಯಾವ ಸಂಖ್ಯೆಯಿಂದ ಹೊರಟರೂ ಏಳು ಹೆಜ್ಜೆಯೊಳಗೆ ಅಲ್ಲಿಗೇ ತಲುಪುತ್ತೀರಿ. ಇಡೀ ತರಗತಿ ಬೇರೆ ಬೇರೆ ಸಂಖ್ಯೆಯಿಂದ ಶುರುಮಾಡಿ ಒಂದೇ ಕಡೆ ಬಂದು ನಿಂತಾಗ ಆಗುವ ಗದ್ದಲವೇ ಟಾಕ್‌ನ ಗೆಲುವು. ಹೊತ್ತೊಯ್ಯುವ ಪ್ರಶ್ನೆ: ಐದಂಕಿಗೆ ಏನಾಗುತ್ತದೆ? ಹತ್ತರ ಬದಲು ಎಂಟರ ಆಧಾರದಲ್ಲಿ ಸಂಖ್ಯೆ ಬರೆದರೆ?

ಕಂಪ್ಯೂಟರ್ ಕಡೆಯಿಂದ, ಅತಿ ಹತ್ತಿರದ ದಾರಿ ಹುಡುಕುವ ಡೈಕ್‌ಸ್ಟ್ರಾ ಅಲ್ಗಾರಿದಮ್ ಹೇಳುವವರು ಪುಸ್ತಕದ ಎ, ಬಿ, ಸಿ ಬಿಂದುಗಳನ್ನು ಬಿಟ್ಟು ನಮ್ಮ ರಸ್ತೆಗಳನ್ನೇ ಬರೆಯಲಿ. ಹಾಸನದಿಂದ ಮಂಗಳೂರಿಗೆ ಸಕಲೇಶಪುರ, ಶಿರಾಡಿ ಘಾಟ್ ಮೇಲೆ ಹೋಗಬಹುದು. ಬೇಲೂರು, ಮೂಡಿಗೆರೆ, ಕೊಟ್ಟಿಗೆಹಾರ, ಚಾರ್ಮಾಡಿ ಮೇಲೂ ಹೋಗಬಹುದು. ಮಡಿಕೇರಿ, ಸಂಪಾಜೆ ಇನ್ನೊಂದು ದಾರಿ. ಮಳೆಗೆ ಗುಡ್ಡ ಕುಸಿದು ಶಿರಾಡಿ ಮುಚ್ಚಿದರೆ ಗ್ರಾಫಿನಲ್ಲಿ, ಅಂದರೆ ಊರುಗಳ ಬಿಂದು ಮತ್ತು ರಸ್ತೆಗಳ ಗೆರೆ ಸೇರಿದ ಈ ಜಾಲದಲ್ಲಿ, ಒಂದು ಗೆರೆ ಅಳಿಸಿದಂತೆ. 1959ರಲ್ಲಿ ಪ್ರಕಟವಾದ ಅಲ್ಗಾರಿದಮ್ ಹೊಸ ದಾರಿಯನ್ನು ಬೋರ್ಡಿನ ಮೇಲೇ ಹುಡುಕಿಕೊಡುತ್ತದೆ. ಉಳಿಯುವ ಪ್ರಶ್ನೆ: ಯಾವ ಒಂದು ಗೆರೆ ಅಳಿಸಿದರೆ ಮಲೆನಾಡು ಮತ್ತು ಕರಾವಳಿ ನಡುವಿನ ಓಡಾಟ ಅತಿ ಹೆಚ್ಚು ಉದ್ದವಾಗುತ್ತದೆ? ಇದು ನಿಜವಾದ ಸಂಶೋಧನಾ ಪ್ರಶ್ನೆ. ಉತ್ತರ ಸಿಕ್ಕರೆ ಜಿಲ್ಲಾಡಳಿತಕ್ಕೂ ತೋರಿಸಬಹುದು.

ಬೇಲೂರು, ಹಳೇಬೀಡಿನ ಗುಡಿಗಳೂ ಇವೆ. 2023ರಲ್ಲಿ ಯುನೆಸ್ಕೊ ಪಟ್ಟಿಗೆ ಸೇರಿದ ಮೇಲೆ ಹೊಯ್ಸಳ ಶಿಲ್ಪದ ಬಗ್ಗೆ ಎಲ್ಲರೂ ಮಾತಾಡುತ್ತಾರೆ, ನಕ್ಷತ್ರಾಕಾರದ ತಳವಿನ್ಯಾಸದ ಗಣಿತದ ಬಗ್ಗೆ ಕಡಿಮೆ. ಒಂದು ಚೌಕವನ್ನು ಅದರ ಕೇಂದ್ರದ ಸುತ್ತ 22.5 ಡಿಗ್ರಿಯಂತೆ ತಿರುಗಿಸುತ್ತಾ ನಾಲ್ಕು ಸಲ ಬರೆದರೆ 16 ಮೂಲೆಯ ನಕ್ಷತ್ರ. ಚಾಚಿದ ಮೂಲೆಗಳೆಲ್ಲ ಲಂಬಕೋನ. ಎರಡು ಮೂಲೆಗಳ ನಡುವೆ ಒಳಕ್ಕೆ ತಗ್ಗಿದ ಜಾಗದಲ್ಲಿ ಹೊರಗಿನಿಂದ ಅಳೆದರೆ 112.5 ಡಿಗ್ರಿ. ಇದನ್ನು ಜಿಯೋಜೀಬ್ರಾ ಎಂಬ ರೇಖಾಗಣಿತದ ತಂತ್ರಾಂಶದಲ್ಲಿ ಬರೆದು, ಪ್ರಕಟವಾದ ತಳನಕ್ಷೆಗಳ ಮೇಲೆ ಇಟ್ಟು ಎಲ್ಲಿ ಹೊಂದುತ್ತದೆ, ಎಲ್ಲಿ ಶಿಲ್ಪಿ ಬೇರೆ ದಾರಿ ಹಿಡಿದಿದ್ದಾನೆ ಎಂದು ನೋಡಬಹುದು. ಗೋಡೆಗೆ ಟೇಪು ಹಿಡಿಯಲು ಹೋಗಬೇಡಿ. ಅದಕ್ಕೆ ಪುರಾತತ್ವ ಇಲಾಖೆಯ ಅನುಮತಿ ಬೇಕು, ನಕ್ಷೆಯೇ ಸಾಕು.

ಭಾಷೆ ಕನ್ನಡವೇ ಇರಲಿ. ಗ್ರಾಫ್, ಮ್ಯಾಟ್ರಿಕ್ಸ್, ಲೂಪ್ ಅನ್ನುವ ಪದಗಳು ಹಾಗೇ ಬರಲಿ, ನಡುವಿನ ವಿವರಣೆ ಮನೆಮಾತಿನಲ್ಲಿ ಬರಲಿ. ಕನ್ನಡ ಮಾಧ್ಯಮದಿಂದ ಬಂದ ಹುಡುಗಿ ಕೈ ಎತ್ತುವುದು ಆಗಲೇ. ವಿದ್ಯಾರ್ಥಿ ಟಾಕ್ ಆದರೆ ಎರಡು ದಿನ ಮೊದಲು ಖಾಲಿ ತರಗತಿಯಲ್ಲಿ ಒಮ್ಮೆ ಪೂರ್ತಿ ಹೇಳಿಸಿ. ಬೋರ್ಡಿನಲ್ಲಿ ಎಲ್ಲಿ ಏನು ಬರೆಯಬೇಕು ಎಂಬುದನ್ನೂ ಅಭ್ಯಾಸ ಮಾಡಿಸಬೇಕು, ಅದನ್ನು ಯಾರೂ ಹೇಳಿಕೊಟ್ಟಿರುವುದಿಲ್ಲ.

ಪ್ರಶ್ನೆ ಪುಸ್ತಕ

ಅಂಗಡಿಯಲ್ಲಿ ಸಿಗುವ ಉದ್ದನೆಯ ರೂಲ್ಡ್ ರಿಜಿಸ್ಟರ್ ಒಂದು ತನ್ನಿ. ಟಾಕ್‌ನ ದಿನಾಂಕ, ವಿಷಯ, ಕೊನೆಯಲ್ಲಿ ಉಳಿದ ಪ್ರಶ್ನೆ, ಕೇಳಿದವರು ಎಸೆದ ಬೇರೆ ಪ್ರಶ್ನೆಗಳು, ಎಲ್ಲವನ್ನೂ ಅದೇ ದಿನ ಬರೆಸಿ. ಪ್ರತಿ ಪ್ರಶ್ನೆಯ ಕೆಳಗೆ ಅರ್ಧ ಪುಟ ಖಾಲಿ ಬಿಡಿ. ಯಾರಾದರೂ ಏನಾದರೂ ಕಂಡುಹಿಡಿದರೆ ಅಲ್ಲೇ ಬರೆದು ಸಹಿ ಹಾಕಲಿ. ಪುಸ್ತಕ ಬೀರುವಿನೊಳಗೆ ಸೇರದೆ ಮಕ್ಕಳ ಕೈಗೆ ಸಿಗುವ ಕಡೆ ಇರಲಿ. ವಾಟ್ಸಾಪ್ ಗ್ರೂಪಿನಲ್ಲಿ ಪ್ರಶ್ನೆ ಹಾಕಬಹುದು, ಆದರೆ ಗುಡ್ ಮಾರ್ನಿಂಗ್‌ಗಳ ಮಧ್ಯೆ ಅದು ಎರಡೇ ದಿನಕ್ಕೆ ಕಾಣೆಯಾಗುತ್ತದೆ.

ಯಾವ ಪ್ರಶ್ನೆ ಹಿಡಿಯಬೇಕು

ಐದಾರು ಟಾಕ್ ಆಗುವಷ್ಟರಲ್ಲಿ ಪುಸ್ತಕದಲ್ಲಿ ಇಪ್ಪತ್ತಕ್ಕೂ ಹೆಚ್ಚು ಪ್ರಶ್ನೆ ಇರುತ್ತವೆ. ಎಲ್ಲವೂ ಸಂಶೋಧನೆಗೆ ಒದಗುವುದಿಲ್ಲ. ನಾನು ಮೂರು ವಿಷಯ ನೋಡುತ್ತೇನೆ. ಚಿಕ್ಕ ಉದಾಹರಣೆಯನ್ನು ಕೈಯಲ್ಲಿ ಮಾಡಲು ಬರುತ್ತದಾ? ಕಾಲೇಜಿನ ಲ್ಯಾಬಿನ ಸಾಮಾನ್ಯ ಕಂಪ್ಯೂಟರ್ ಸಾಕಾಗುತ್ತದಾ? ಪೂರ್ತಿ ಉತ್ತರ ಸಿಗದಿದ್ದರೂ ಹೇಳಿಕೊಳ್ಳಲು ಏನಾದರೂ ಉಳಿಯುತ್ತದಾ?

ಮೂರನೆಯದು ತುಂಬಾ ಮುಖ್ಯ. ಹೊಸ ಹುರುಪಿನ ಮಕ್ಕಳು ನೇರ ಕೊಲಾಟ್ಜ್ ಊಹೆಗೆ ಕೈಹಾಕುತ್ತಾರೆ. ಸಂಖ್ಯೆ ಸಮವಾದರೆ ಅರ್ಧ ಮಾಡು, ಬೆಸವಾದರೆ ಮೂರರಿಂದ ಗುಣಿಸಿ ಒಂದು ಕೂಡು, ಕೊನೆಗೆ 1 ಬಂದೇ ಬರುತ್ತದೆ ಎಂಬ ಊಹೆ. 2ರ 68ನೇ ಘಾತದವರೆಗಿನ ಎಲ್ಲ ಸಂಖ್ಯೆಗಳನ್ನೂ ಕಂಪ್ಯೂಟರಿನಲ್ಲಿ ಪರೀಕ್ಷಿಸಿ ಆಗಿದೆ, ಸಾಧನೆ (ಪ್ರೂಫ್) ಇನ್ನೂ ಸಿಕ್ಕಿಲ್ಲ. ಅದನ್ನೇ ಸಾಧಿಸುತ್ತೇನೆ ಎಂದು ಹೊರಟವರ ಕೈಯಲ್ಲಿ ವರ್ಷದ ಕೊನೆಗೆ ಏನೂ ಇರುವುದಿಲ್ಲ. ಅದೇ 27 ಎಂಬ ಪುಟ್ಟ ಸಂಖ್ಯೆಗೆ 111 ಹೆಜ್ಜೆ ಏಕೆ ಬೇಕಾಯಿತು, ಯಾವ ರೀತಿಯ ಸಂಖ್ಯೆಗಳು ಉದ್ದ ಓಡುತ್ತವೆ ಎಂದು ಪಟ್ಟಿ ಮಾಡಿ ನೋಡಿದವರಿಗೆ ಹೇಳಲು ಏನಾದರೂ ಇರುತ್ತದೆ.

ಇನ್ನೊಂದು ಅಭ್ಯಾಸವನ್ನು ಎಲ್ಲ ತಂಡಗಳಿಗೂ ಮೊದಲ ವಾರ ಮಾಡಿಸಿ. ವೃತ್ತದ ಮೇಲೆ ಬಿಂದುಗಳನ್ನು ಇಟ್ಟು, ಪ್ರತಿ ಜೋಡಿಯನ್ನೂ ಗೆರೆಯಿಂದ ಸೇರಿಸಿ. ಒಳಗೆ ಮೂರು ಗೆರೆ ಒಂದೇ ಕಡೆ ಸೇರದಂತೆ ನೋಡಿಕೊಳ್ಳಿ. ಒಳಗೆ ಎಷ್ಟು ತುಂಡು? ಒಂದು ಬಿಂದುವಿಗೆ 1, ಆಮೇಲೆ 2, 4, 8, 16. ಆರು ಬಿಂದುವಿಗೆ ಎಲ್ಲರೂ 32 ಅನ್ನುತ್ತಾರೆ. ಎಣಿಸಿದರೆ 31. ಪಟ್ಟಿ ನೋಡಿ ಊಹೆ ಮಾಡುವುದು ಬೇರೆ, ಸಾಧಿಸುವುದು ಬೇರೆ ಎಂದು ಒಂದು ಗಂಟೆ ಭಾಷಣ ಮಾಡುವುದಕ್ಕಿಂತ ಈ 31 ಚೆನ್ನಾಗಿ ಕಲಿಸುತ್ತದೆ.

ಒಂದು ಪ್ರಶ್ನೆಯ ಪೂರ್ತಿ ಪಯಣ: ಲಕ್ಷ್ಮೀಶನ ಸಾಲುಗಳು

ಈಗ ಛಂದಸ್ಸಿನ ವಿಷಯಕ್ಕೆ ಬರೋಣ. ಟಾಕ್‌ನಿಂದ ಸಂಶೋಧನೆಯವರೆಗೆ ಒಂದು ಪ್ರಶ್ನೆ ಹೇಗೆ ಬೆಳೆಯುತ್ತದೆ ಎಂದು ತೋರಿಸಲು ಇದಕ್ಕಿಂತ ಹತ್ತಿರದ ಉದಾಹರಣೆ ನನಗೆ ಗೊತ್ತಿಲ್ಲ.

ಹೈಸ್ಕೂಲಿನಲ್ಲಿ ಕಲಿತದ್ದೇ. ಹ್ರಸ್ವಾಕ್ಷರ ಲಘು, ಒಂದು ಮಾತ್ರೆ. ದೀರ್ಘ, ಅನುಸ್ವಾರ ಇರುವುದು, ಒತ್ತಕ್ಷರದ ಹಿಂದಿನದು ಗುರು, ಎರಡು ಮಾತ್ರೆ. ಹಾಗಿದ್ದರೆ ನಾಲ್ಕು ಮಾತ್ರೆಯನ್ನು ಎಷ್ಟು ರೀತಿಯಲ್ಲಿ ತುಂಬಬಹುದು? ಮೊದಲ ಅಕ್ಷರ ಲಘುವಾದರೆ ಮೂರು ಮಾತ್ರೆ ಉಳಿಯುತ್ತದೆ, ಗುರುವಾದರೆ ಎರಡು. ಆದ್ದರಿಂದ ನಾಲ್ಕರ ಉತ್ತರ ಎಂದರೆ ಮೂರರ ಉತ್ತರ ಮತ್ತು ಎರಡರ ಉತ್ತರದ ಮೊತ್ತ. ಒಂದು ಮಾತ್ರೆಯಿಂದ ಶುರುಮಾಡಿದರೆ 1, 2, 3, 5, 8, 13, 21 ಎಂದು ಸಾಗುತ್ತದೆ. ಫಿಬೊನಾಚಿ ಸಂಖ್ಯೆಗಳು ಅಂತ ನಾವು ಓದುವುದು ಇವನ್ನೇ. ಫಿಬೊನಾಚಿಯ ಪುಸ್ತಕ ಬಂದದ್ದು 1202ರಲ್ಲಿ. ಅದಕ್ಕೂ ಮುಂಚೆಯೇ ಹೇಮಚಂದ್ರ ಛಂದಸ್ಸಿನ ಲೆಕ್ಕದಲ್ಲಿ ಇದನ್ನು ಹೇಳಿದ್ದ, ಅವನಿಗಿಂತ ಹಿಂದೆ ವಿರಹಾಂಕ.

ಇಲ್ಲಿಗೆ ಟಾಕ್ ಮುಗಿಯಬಹುದು. ಸಂಶೋಧನೆ ಶುರುವಾಗುವುದು ಇದರ ಮುಂದಿನ ಪ್ರಶ್ನೆಯಿಂದ. ಷಟ್ಪದಿಗಳಲ್ಲಿ ಒಂದು ನಿಯಮ ಇದೆ: ಯಾವ ಗಣವೂ (ಮಾತ್ರೆ ಎಣಿಸಿ ಮಾಡಿದ ಅಕ್ಷರಗಳ ಗುಂಪು) ಲಘುವಿನ ಮೇಲೆ ಗುರು ಬಂದು ಶುರುವಾಗಬಾರದು. ‘ಹಾಸನ’ ನಾಲ್ಕು ಮಾತ್ರೆಯ ಗಣವಾಗಿ ಕೂರುತ್ತದೆ, ಗುರು ಲಘು ಲಘು. ‘ಕಡೂರು’ ಕೂಡ ನಾಲ್ಕೇ ಮಾತ್ರೆ, ಆದರೆ ಲಘು ಗುರು ಲಘು. ಅದು ಗಣವಾಗಿ ಕೂರುವಂತಿಲ್ಲ. ಈ ನಿಯಮ ಹಾಕಿದರೆ ನಾಲ್ಕು ಮಾತ್ರೆಗೆ 5ರ ಬದಲು 4 ರೂಪ, ಐದು ಮಾತ್ರೆಗೆ 8ರ ಬದಲು 6 ರೂಪ ಉಳಿಯುತ್ತವೆ. ಸಾಮಾನ್ಯ ಸೂತ್ರ ಏನು? ಲಘು, ಗುರು ಎರಡೂ ಸೇರಿ ಮೂರು ಮಾತ್ರೆ ತಿಂದ ಮೇಲೆ ಉಳಿದದ್ದನ್ನು ತುಂಬುವ ರೀತಿಗಳನ್ನು ಕಳೆದುಬಿಟ್ಟರೆ ಆಯಿತು. ಎರಡನೇ ವರ್ಷದ ವಿದ್ಯಾರ್ಥಿ ಇದನ್ನು ಸ್ವತಃ ಸಾಧಿಸಬಹುದು, ಸಾಧಿಸಲೇಬೇಕು.

ಕಡೂರು ತಾಲ್ಲೂಕಿನ ದೇವನೂರು ಲಕ್ಷ್ಮೀಶನ ಊರು. ಅವನು ‘ಜೈಮಿನಿ ಭಾರತ’ ಬರೆದದ್ದು ವಾರ್ಧಕ ಷಟ್ಪದಿಯಲ್ಲಿ. ಅದರ 1, 2, 4, 5ನೇ ಸಾಲುಗಳಲ್ಲಿ ಐದು ಮಾತ್ರೆಯ ನಾಲ್ಕು ಗಣ, ಒಟ್ಟು 20 ಮಾತ್ರೆ. ಈಗ ಲೆಕ್ಕ ನೋಡಿ. ಗಣದ ಚಿಂತೆಯಿಲ್ಲದೆ 20 ಮಾತ್ರೆ ತುಂಬಲು 10,946 ರೀತಿ. ಐದೈದು ಮಾತ್ರೆಗೆ ಕತ್ತರಿಸಬೇಕೆಂದರೆ 8ರ ನಾಲ್ಕನೇ ಘಾತ, 4,096. ಲಘು ಗುರು ನಿಯಮವನ್ನೂ ಹಾಕಿದರೆ 6ರ ನಾಲ್ಕನೇ ಘಾತ, 1,296. (ಇನ್ನೂ ಉದ್ದವಿರುವ ಉಳಿದೆರಡು ಸಾಲುಗಳನ್ನೂ ಸೇರಿಸಿ ಪೂರ್ತಿ ಪದ್ಯದ ಮಾತ್ರೆ ಎಣಿಸಿದರೆ 144. ಅದೂ ಇದೇ ಸರಣಿಯ ಸಂಖ್ಯೆ! ಇದು ಕೇವಲ ಆಕಸ್ಮಿಕ, ಆದರೂ ಮಕ್ಕಳಿಗೆ ತುಂಬಾ ಖುಷಿ ಕೊಡುತ್ತದೆ.)

ಸಂಶೋಧನಾ ಪ್ರಶ್ನೆ ಇಲ್ಲಿದೆ. ಈ 1,296 ಲಯಗಳಲ್ಲಿ ಲಕ್ಷ್ಮೀಶ ನಿಜವಾಗಿ ಎಷ್ಟನ್ನು ಬಳಸಿದ್ದಾನೆ? ಆರು ಗಣರೂಪಗಳೂ ಸಮವಾಗಿ ಬರುತ್ತವಾ, ಇಲ್ಲ ಕವಿಯ ಕಿವಿಗೆ ಕೆಲವು ಹೆಚ್ಚು ಇಷ್ಟವಾಗಿದ್ದವಾ? ಸಾಲಿನ ಕೊನೆಯ ಗಣಕ್ಕೆ ಬೇರೆ ರುಚಿ ಇದೆಯಾ? ಇದನ್ನು ಕೈಯಲ್ಲಿ ಎಣಿಸಲು ಆಗುವುದಿಲ್ಲ, ಪ್ರೋಗ್ರಾಂ ಬೇಕು. ಗಣಿತ, ಕಂಪ್ಯೂಟರ್, ಕನ್ನಡ ಮೂರೂ ವಿಭಾಗ ಒಂದೇ ಬೆಂಚಿನಲ್ಲಿ ಕೂರುವುದು ಹೀಗೆ.

ಪ್ರೋಗ್ರಾಂ ಬರೆಯಲು ಕೂತ ಕೂಡಲೇ ಹೊಸ ಪಾಠಗಳು ಸಿಗುತ್ತವೆ. ಪೈಥಾನ್‌ಗೆ ‘ಚಿಕ್ಕಮಗಳೂರು’ ಕೊಟ್ಟು ಉದ್ದ ಕೇಳಿದರೆ 11 ಅನ್ನುತ್ತದೆ. ನಮ್ಮ ಎಣಿಕೆಯಲ್ಲಿ ಆರೇ ಅಕ್ಷರ. ಯೂನಿಕೋಡ್‌ನಲ್ಲಿ ಗುಣಿತದ ಚಿಹ್ನೆ, ವಿರಾಮ (ಅರ್ಧಾಕ್ಷರ ಮಾಡುವ ಚಿಹ್ನೆ), ಒತ್ತಿನ ವ್ಯಂಜನ ಎಲ್ಲಕ್ಕೂ ಬೇರೆ ಬೇರೆ ಸಂಕೇತ. ಹಾಗಾಗಿ ಮೊದಲ ಕೆಲಸ ಸಂಕೇತಗಳನ್ನು ಅಕ್ಷರಗಳಾಗಿ ಗುಂಪು ಮಾಡುವುದು, ಎರಡನೆಯದು ಲಘು ಗುರು ಗುರುತಿಸುವುದು, ಮೂರನೆಯದು ಐದೈದು ಮಾತ್ರೆಗೆ ಕತ್ತರಿಸುವುದು. ‘ಕೋ’ ದಂಥ ಅಕ್ಷರವನ್ನು ಎರಡು ಮೂರು ರೀತಿಯಲ್ಲಿ ಟೈಪ್ ಮಾಡಬಹುದು, ನೋಡಲು ಒಂದೇ, ಕಂಪ್ಯೂಟರಿಗೆ ಬೇರೆ. ಪಠ್ಯವನ್ನು ಮೊದಲು ಒಂದೇ ರೂಪಕ್ಕೆ ತಂದುಕೊಳ್ಳಿ.

ತಪ್ಪು ಹಿಡಿಯಲು ಛಂದಸ್ಸೇ ಸಹಾಯ ಮಾಡುತ್ತದೆ. ಸಾಲು 20 ಮಾತ್ರೆಗೆ ಬರದಿದ್ದರೆ ಪ್ರೋಗ್ರಾಂ ತಪ್ಪು, ಟೈಪಿಂಗ್ ತಪ್ಪು, ಇಲ್ಲವೇ ಕಾವ್ಯದಲ್ಲೇ ಏನೋ ವಿಶೇಷ ಇದೆ. ಪದ ಒಂದು ಸಾಲಿನಿಂದ ಇನ್ನೊಂದಕ್ಕೆ ಮುರಿದಿರಬಹುದು. ಮುಂದಿನ ಸಾಲು ಒತ್ತಕ್ಷರದಿಂದ ಶುರುವಾಗಿರಬಹುದು. ಹಳಗನ್ನಡದ ಪಠ್ಯ ತೆಗೆದುಕೊಂಡರೆ ಶಿಥಿಲದ್ವಿತ್ವ ಎದುರಾಗುತ್ತದೆ, ಅಲ್ಲಿ ಒತ್ತಕ್ಷರದ ಹಿಂದಿನದು ಲಘುವಾಗಿಯೇ ಉಳಿಯುತ್ತದೆ. ಇಂಥ ಸಾಲುಗಳನ್ನು ಬೇರೆ ಪಟ್ಟಿ ಮಾಡಿ ಕನ್ನಡ ಮೇಡಂ ಮುಂದೆ ಇಡಿ. ಐವತ್ತು ಪದ್ಯಗಳಿಗಾದರೂ ಕೈಯಲ್ಲಿ ಪ್ರಸ್ತಾರ ಹಾಕಿ ಪ್ರೋಗ್ರಾಂ ಜೊತೆ ತಾಳೆ ನೋಡಲೇಬೇಕು. ಆಮೇಲೆ ಕೈ-ಸ್ಕ್ವೇರ್ ಎಂಬ ಸಂಖ್ಯಾಶಾಸ್ತ್ರದ ಪರೀಕ್ಷೆ ಹಾಕಿ ಆರು ರೂಪಗಳ ಹಂಚಿಕೆ ಸಮವೇ ಎಂದು ನೋಡಿ. ಸಮಯ ಉಳಿದರೆ ಕುಮಾರವ್ಯಾಸನ ಭಾಮಿನಿಗೆ ಬನ್ನಿ. ಅದು ಮೂರು, ನಾಲ್ಕು, ಮೂರು, ನಾಲ್ಕು ಮಾತ್ರೆಯ ಗಣಗಳ ಸಾಲು, ನಿಯಮ ಹಾಕಿದ ಮೇಲೆ 64 ಲಯ ಮಾತ್ರ. ಚಿಕ್ಕ ಸಂಖ್ಯೆ, ಚಿತ್ರ ಬೇಗ ಸ್ಪಷ್ಟವಾಗುತ್ತದೆ.

ತೋಟದ ಮಳೆ ಪುಸ್ತಕ

ದತ್ತಾಂಶದ ಕೆಲಸ ಇಷ್ಟಪಡುವವರಿಗೆ ನಮ್ಮ ಜಿಲ್ಲೆಗಳಲ್ಲಿ ಇನ್ನೊಂದು ನಿಧಿ ಇದೆ. ಸಕಲೇಶಪುರ, ಮೂಡಿಗೆರೆ, ಬಾಳೆಹೊನ್ನೂರು ಕಡೆಯ ಕಾಫಿ ಬೆಳೆಗಾರರು ದಿನಾ ಬೆಳಿಗ್ಗೆ ಮಳೆಮಾಪಕ ನೋಡಿ ಇಂಚು, ಸೆಂಟ್ ಲೆಕ್ಕದಲ್ಲಿ ಬರೆದಿಡುತ್ತಾರೆ. ನೂರು ಸೆಂಟ್ ಅಂದರೆ ಒಂದು ಇಂಚು, 25.4 ಮಿಲಿಮೀಟರ್. ಅಜ್ಜನ ಕಾಲದ ಪುಸ್ತಕಗಳು ಎಷ್ಟೋ ಮನೆಗಳಲ್ಲಿವೆ, ಮತ್ತು ನಿಮ್ಮ ತರಗತಿಯಲ್ಲೇ ಅಂಥ ಮನೆಯ ಮಕ್ಕಳಿರುತ್ತಾರೆ.

ಕೇಳಬೇಕಾದ ಪ್ರಶ್ನೆ ಬೆಳೆಗಾರರದ್ದೇ. ಹೂಮಳೆ ಬಿದ್ದು ಸುಮಾರು ಒಂಬತ್ತು ಹತ್ತು ದಿನಕ್ಕೆ ಕಾಫಿ ಹೂ ಬಿಡುತ್ತದೆ. ಆಮೇಲೆ ಕಾಯಿ ಕಚ್ಚಲು ಇನ್ನೊಂದು ಮಳೆ ಬೇಕು, ಅದನ್ನು ಬ್ಯಾಕಿಂಗ್ ಅನ್ನುತ್ತಾರೆ. ಹೂಮಳೆ ಬೀಳುವ ದಿನ ದಶಕದಿಂದ ದಶಕಕ್ಕೆ ಸರಿದಿದೆಯಾ? ಎರಡು ಮಳೆಯ ನಡುವಿನ ಅಂತರ ಹೆಚ್ಚು ಏರುಪೇರಾಗುತ್ತಿದೆಯಾ? ಇಲ್ಲಿ ಎಚ್ಚರ ಬೇಕಾದ ಜಾಗ ಒಂದಿದೆ. ಪುಸ್ತಕದಲ್ಲಿ ಖಾಲಿ ಬಿಟ್ಟ ದಿನ ಮಳೆ ಇಲ್ಲದ ದಿನವೇ, ಇಲ್ಲ ಬರೆಯಲು ಬಿಟ್ಟ ದಿನವೇ? ಮನೆಯವರನ್ನೇ ಕೇಳಿ ತಿಳಿಯಿರಿ, ಸುಮ್ನೆ ಸೊನ್ನೆ ತುಂಬಬೇಡಿ. ಪುಸ್ತಕದ ಫೋಟೋ ತೆಗೆಯುವ ಮೊದಲು ಒಪ್ಪಿಗೆ ಪಡೆಯಿರಿ. ತೋಟದ ಹೆಸರು, ಫಸಲಿನ ಲೆಕ್ಕ ವರದಿಯಲ್ಲಿ ಬರಬಾರದು.

ವಾರದ ಭೇಟಿ

ತಂಡಕ್ಕೆ ಇಬ್ಬರು ಅಥವಾ ಮೂವರು. ನಾಲ್ವರಾದರೆ ಒಬ್ಬರು ಕೆಲಸ ಮಾಡುತ್ತಾರೆ, ಮೂವರು ಹೆಸರು ಹಾಕಿಸಿಕೊಳ್ಳುತ್ತಾರೆ. ಮಾರ್ಗದರ್ಶಕರು ವಾರಕ್ಕೆ ಅರ್ಧ ಗಂಟೆ ಕೊಟ್ಟರೆ ಸಾಕು, ಆದರೆ ಪ್ರತಿ ವಾರ ಕೊಡಬೇಕು. ಭೇಟಿಯಲ್ಲಿ ಮೂರೇ ಮಾತು: ಈ ವಾರ ಏನು ಮಾಡಿದಿರಿ, ಎಲ್ಲಿ ಸಿಕ್ಕಿಬಿದ್ದಿರಿ, ಮುಂದಿನ ವಾರ ಏನು. ಪ್ರತಿ ತಂಡಕ್ಕೂ ಒಂದು ನೋಟ್‌ಬುಕ್ ಇರಲಿ. ದಿನಾಂಕ ಹಾಕಿ ಬರೆಯಲಿ, ತಪ್ಪಾದದ್ದನ್ನು ಹರಿಯದೆ ಗೀಟು ಹಾಕಲಿ. ಎರಡು ತಿಂಗಳ ನಂತರ ಆ ಗೀಟು ಹಾಕಿದ ಪುಟವೇ ಬೇಕಾಗುತ್ತದೆ.

ಈಗ ಚಾಟ್‌ಬಾಟ್ ಎಲ್ಲರ ಮೊಬೈಲಿನಲ್ಲೂ ಇದೆ. ಬೇಡ ಅನ್ನುವುದರಲ್ಲಿ ಅರ್ಥವಿಲ್ಲ. ಕೋಡಿನ ದೋಷ ಹುಡುಕಲು ಬಳಸಲಿ. ಆದರೆ ಅದು ಕೊಟ್ಟ ಸಾಧನೆಯ ಪ್ರತಿ ಸಾಲನ್ನೂ ಬೋರ್ಡಿನ ಮುಂದೆ ನಿಂತು ವಿವರಿಸಲು ಬರಬೇಕು. ಅದು ಹೇಳಿದ ಪ್ರಬಂಧದ ಹೆಸರು ನಿಜವಾಗಿ ಇದೆಯೇ ಎಂದು ಹುಡುಕಿ ತೆರೆದು ನೋಡಬೇಕು, ಎಷ್ಟೋ ಸಲ ಇರುವುದೇ ಇಲ್ಲ.

ಸಂಖ್ಯೆಗಳ ಸರಣಿ ಸಿಕ್ಕಾಗ ಮೊದಲು ನೋಡಬೇಕಾದದ್ದು ಓಇಐಎಸ್. ನೀಲ್ ಸ್ಲೋನ್ 1964ರಲ್ಲಿ ಶುರುಮಾಡಿದ ಸಂಖ್ಯಾಸರಣಿಗಳ ಕೋಶ ಅದು, ಅಂತರ್ಜಾಲದಲ್ಲಿ ಉಚಿತ. ನಿಮ್ಮ 1, 2, 4, 8, 16, 31 ಅಲ್ಲಿ ಹಾಕಿದರೆ ಯಾರು ಎಲ್ಲಿ ಈ ಸರಣಿ ಕಂಡಿದ್ದಾರೆ ಎಂದು ಬರುತ್ತದೆ. ಪ್ರಬಂಧಗಳಿಗೆ ಆರ್ಕೈವ್ (arXiv) ಎಂಬ ಜಾಲತಾಣ ಇದೆ. ಮೊದಲ ಓದಿಗೆ ಭಾರತೀಯ ವಿಜ್ಞಾನ ಅಕಾಡೆಮಿಯ ರೆಸೊನೆನ್ಸ್ ಪತ್ರಿಕೆ ಸರಿಯಾದ ಮಟ್ಟದ್ದು. 1996ರಿಂದ ಬಂದಿರುವ ಲೇಖನಗಳು ಉಚಿತವಾಗಿ ಸಿಗುತ್ತವೆ.

ಬರೆಯುವುದು, ಕಳಿಸುವುದು

ವರದಿ ಆರು ಪುಟ ಸಾಕು. ಪ್ರಶ್ನೆ, ಮೊದಲೇ ಗೊತ್ತಿದ್ದದ್ದು, ನಾವು ಮಾಡಿದ್ದು, ಉಳಿದದ್ದು. ‘ಮೊದಲೇ ಗೊತ್ತಿದ್ದದ್ದು’ ಮತ್ತು ‘ನಾವು ಮಾಡಿದ್ದು’ ನಡುವೆ ಗೆರೆ ಸ್ಪಷ್ಟವಾಗಿರಲಿ. ಗಣಿತದ ಬರಹಕ್ಕೆ ಲೇಟೆಕ್ಸ್ ಕಲಿಸಿ. ಓವರ್‌ಲೀಫ್‌ನಲ್ಲಿ ಬ್ರೌಸರಿನಲ್ಲೇ ಬರೆಯಬಹುದು, ಏನೂ ಇನ್‌ಸ್ಟಾಲ್ ಮಾಡಬೇಕಿಲ್ಲ. ಕನ್ನಡ ಅಕ್ಷರ ಬೇಕಿದ್ದರೆ ಕಂಪೈಲರ್ ಅನ್ನು ಝೀಲೇಟೆಕ್ಸ್‌ಗೆ (XeLaTeX) ಬದಲಿಸಿಕೊಳ್ಳಿ.

ಜರ್ನಲ್ ವಿಷಯದಲ್ಲಿ ಖಡಾಖಂಡಿತವಾಗಿ ಹೇಳುತ್ತೇನೆ. ಮೂರು ದಿನದಲ್ಲಿ ಪ್ರಕಟಣೆ, ಸರ್ಟಿಫಿಕೇಟ್ ಸಮೇತ, ಇಷ್ಟು ಸಾವಿರ ಕಟ್ಟಿ ಎಂದು ಮೇಲ್ ಬಂದರೆ ಅಳಿಸಿಬಿಡಿ. ಯಾರೂ ಓದದೆ ಪ್ರಕಟಿಸುವ ಜಾಗದಲ್ಲಿ ಹೆಸರು ಬಂದರೆ ಮುಂದೆ ಪಿಎಚ್‌ಡಿ ಸಂದರ್ಶನದಲ್ಲಿ ಅದೇ ಮುಜುಗರವಾಗುತ್ತದೆ. ಮಗುವಿನ ಮನೆಯವರು ಕಷ್ಟಪಟ್ಟು ದುಡಿದ ಹಣ ಅದು. ಅದಕ್ಕಿಂತ ಕಾಲೇಜಿನಲ್ಲೇ ವರ್ಷಕ್ಕೊಂದು ದಿನ ಪೋಸ್ಟರ್ ಇಟ್ಟು, ಅಕ್ಕಪಕ್ಕದ ಕಾಲೇಜಿನ ಅಧ್ಯಾಪಕರನ್ನು ಕರೆದು ಕಠಿಣ ಪ್ರಶ್ನೆ ಕೇಳಿಸಿ. ಮಾರ್ಚ್ 14 ಅಂತರರಾಷ್ಟ್ರೀಯ ಗಣಿತ ದಿನ, ಅದಕ್ಕೇ ಹೊಂದಿಸಬಹುದು.

ಹೊರಗೆ ತೆರೆದ ಬಾಗಿಲುಗಳಿವೆ, ಮಕ್ಕಳಿಗೆ ಹೇಳುವವರು ಬೇಕು. ಮೂರು ವಿಜ್ಞಾನ ಅಕಾಡೆಮಿಗಳು ಸೇರಿ ಕೊಡುವ ಬೇಸಿಗೆ ಸಂಶೋಧನಾ ಫೆಲೋಶಿಪ್‌ನಲ್ಲಿ ಎರಡು ತಿಂಗಳು ಒಬ್ಬ ವಿಜ್ಞಾನಿಯ ಜೊತೆ ಕೆಲಸ, ಜೊತೆಗೆ ಸ್ಟೈಪೆಂಡ್. ಅರ್ಜಿಯನ್ನು ಬೇಸಿಗೆಗೆ ಬಹಳ ಮೊದಲೇ, ಹಿಂದಿನ ವರ್ಷದ ಕೊನೆಯಲ್ಲೇ ಕರೆಯುತ್ತಾರೆ. ಗಣಿತದವರಿಗೆ 1993ರಿಂದ ನಡೆಯುತ್ತಿರುವ ಎಂಟಿಟಿಎಸ್ ಬೇಸಿಗೆ ಶಿಬಿರ ಇದೆ. ಅಲ್ಲಿ ಉತ್ತರ ಹೇಳಿಕೊಡುವುದಕ್ಕಿಂತ ಪ್ರಶ್ನೆ ಕೇಳಿ ಕೇಳಿ ಕಲಿಸುತ್ತಾರೆ. ಪದವಿ ವಿದ್ಯಾರ್ಥಿಗಳಿಗೆ ಮಾಧವ ಗಣಿತ ಸ್ಪರ್ಧೆ ಇದೆ. ಎಂಜಿನಿಯರಿಂಗ್ ಮಕ್ಕಳ ಪ್ರಾಜೆಕ್ಟಿಗೆ ಕರ್ನಾಟಕ ರಾಜ್ಯ ವಿಜ್ಞಾನ ಮತ್ತು ತಂತ್ರಜ್ಞಾನ ಮಂಡಳಿ ಧನಸಹಾಯ ಕೊಡುತ್ತದೆ. ಪ್ರಶ್ನೆ ಪುಸ್ತಕದಲ್ಲಿ ಸಹಿ ಇರುವ ವಿದ್ಯಾರ್ಥಿಗೆ ಈ ಅರ್ಜಿಗಳ ‘ನಿಮ್ಮ ಆಸಕ್ತಿ ಏನು’ ಎಂಬ ಕಾಲಂ ತುಂಬುವುದು ಕಷ್ಟವಾಗುವುದಿಲ್ಲ.

ಖರ್ಚು ಮತ್ತು ಮುಂದಿನ ಬ್ಯಾಚ್

ಚಾಕ್‌ಪೀಸ್, ಟೀ, ಬಿಸ್ಕತ್ತು, ರಿಜಿಸ್ಟರ್. ವಾರದ ಟಾಕ್‌ಗೆ ಇದಕ್ಕಿಂತ ಖರ್ಚಿಲ್ಲ. ಹೊರಗಿನ ಅತಿಥಿಯ ಪ್ರಯಾಣಕ್ಕೆ ಮಾತ್ರ ಕಾಲೇಜಿನಿಂದ ಮೊದಲೇ ಮಂಜೂರಾತಿ ಪಡೆಯಿರಿ. ಟಿಕೆಟ್ ಹಣವನ್ನು ಅವರು ಹೊರಡುವ ಮೊದಲೇ ಕೈಗೆ ಕೊಡಿ.

ಈ ವ್ಯವಸ್ಥೆ ನಿಲ್ಲುವುದು ಸಾಮಾನ್ಯವಾಗಿ ಉತ್ಸಾಹಿ ಅಧ್ಯಾಪಕರಿಗೆ ವರ್ಗವಾದಾಗ, ಇಲ್ಲವೇ ಚುರುಕಾದ ಬ್ಯಾಚ್ ಪಾಸಾಗಿ ಹೋದಾಗ. ಅದಕ್ಕೆ ಸಂಚಾಲಕರಾಗಿ ಕೊನೆಯ ವರ್ಷದ ಒಬ್ಬರ ಜೊತೆ ಎರಡನೇ ವರ್ಷದ ಒಬ್ಬರು ಯಾವಾಗಲೂ ಇರಲಿ. ಏಪ್ರಿಲ್‌ನಲ್ಲಿ ಹಳೆಯ ತಂಡಗಳು ತಮ್ಮ ನೋಟ್‌ಬುಕ್, ಪ್ರೋಗ್ರಾಂ, ದತ್ತಾಂಶ ಮೂರನ್ನೂ ವಿಭಾಗಕ್ಕೆ ಒಪ್ಪಿಸಲಿ. ಪೆನ್‌ಡ್ರೈವ್ ಒಂದೇ ಸಾಲದು, ವಿಭಾಗದ ಹೆಸರಿನಲ್ಲಿ ಒಂದು ಡ್ರೈವ್ ಖಾತೆ ತೆರೆದು ಅಲ್ಲೂ ಹಾಕಿ, ಪಾಸ್‌ವರ್ಡ್ ಎಚ್‌ಓಡಿ ಹತ್ತಿರ ಇರಲಿ. ಮಳೆ ಪುಸ್ತಕದ ಕೆಲಸ ಮಾಡಿದ ತಂಡ ಯಾವ ತೋಟದ ಯಾವ ವರ್ಷಗಳು ಇನ್ನೂ ಟೈಪ್ ಆಗಿಲ್ಲ ಎಂಬ ಪಟ್ಟಿಯನ್ನು ಸಂಕೇತ ಸಂಖ್ಯೆಯಲ್ಲಿ ಬರೆದು ಅಂಟಿಸಲಿ. ಜೂನ್‌ನಲ್ಲಿ ಬರುವ ಹೊಸ ತಂಡ ಆ ಪಟ್ಟಿಯ ಮೊದಲ ಸಾಲಿನಿಂದಲೇ ಕೆಲಸ ಶುರುಮಾಡಬಹುದು.